ಗದ್ದೆಗೆ ಬರೆದ ಕಾನೂನು, ಕಾಫಿ ಬೆಳೆದ ನಾಡು: ಹಳೆಯ ಕೊಡಗು ಪ್ರಾಂತ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗು ನಿಜಕ್ಕೂ ಒಂದು ಪ್ರತ್ಯೇಕ ಪ್ರಾಂತ್ಯವಾಗಿತ್ತೇ?

ಆಗಿತ್ತು. 1834ರಲ್ಲಿ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ಕೈಗೆ ತೆಗೆದುಕೊಂಡಿತು. ಮದರಾಸಿಗೂ ಸೇರಿಸಲಿಲ್ಲ, ಮೈಸೂರಿಗೂ ಸೇರಿಸಲಿಲ್ಲ. ಬೆಂಗಳೂರಿನಲ್ಲಿದ್ದ ಮೈಸೂರು ಕಮಿಷನರೇ ಕೊಡಗಿನ ಉಸ್ತುವಾರಿಯನ್ನೂ ನೋಡಿಕೊಂಡರು. 1881ರಲ್ಲಿ ಮೈಸೂರು ಒಡೆಯರ ಕೈಗೆ ಮರಳಿದ ಮೇಲೆ ಮೈಸೂರಿನ ರೆಸಿಡೆಂಟರು ಕೊಡಗಿನ ಚೀಫ್ ಕಮಿಷನರ್ ಕೂಡ ಆದರು. ಕೊಡಗಿಗೆಂದೇ ಪ್ರತ್ಯೇಕ ಚೀಫ್ ಕಮಿಷನರ್ ಮಡಿಕೇರಿಗೆ ಬಂದು ಕೂತದ್ದು 1940ರಲ್ಲಿ. 1924ರಿಂದ ಒಂದು ಶಾಸನ ಪರಿಷತ್ತೂ ಇತ್ತು.

ಸ್ವಾತಂತ್ರ್ಯದ ಬಳಿಕ ಕೊಡಗು 'ಸಿ' ದರ್ಜೆಯ ರಾಜ್ಯವಾಯಿತು. 1952ರ ಚುನಾವಣೆಯಲ್ಲಿ 24 ಜನರ ವಿಧಾನಸಭೆ ಆಯ್ಕೆಯಾಗಿ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಗಿ ಒಂದು ಜಿಲ್ಲೆಯಾಯಿತು.

ಇಷ್ಟು ಚರಿತ್ರೆ ತಿಳಿದಿರಬೇಕು. ಏಕೆಂದರೆ ಇವತ್ತಿಗೂ ತಾಲೂಕು ಕಚೇರಿಯಲ್ಲಿ ಕೊಡಗಿನ ಜಮೀನಿನ ಕಡತ ಬಿಚ್ಚಿದರೆ ಕಣ್ಣಿಗೆ ಬೀಳುವ ಪದಗಳೆಲ್ಲ ಆ ಪ್ರಾಂತ್ಯದ ಕಾಲದವು. ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ತಹಸೀಲ್ದಾರರು ಮೊದಲ ಆರು ತಿಂಗಳು ತಡವರಿಸುವುದೂ ಇವುಗಳಿಂದಲೇ.

ಸುಳ್ಯ, ಪುತ್ತೂರು ಹಿಂದೆ ಕೊಡಗಿಗೆ ಸೇರಿದ್ದವಂತೆ?

ಹೌದು. ಅಮರ ಸುಳ್ಯ ಮತ್ತು ಪುತ್ತೂರು ಸೀಮೆ ಕೊಡಗಿನ ಅರಸರ ಆಡಳಿತದಲ್ಲಿದ್ದವು. 1834ರಲ್ಲಿ ಅವನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅರಸರ ಕಾಲದಲ್ಲಿ ಭತ್ತದಲ್ಲೇ ಕಂದಾಯ ಕೊಟ್ಟು ಮುಗಿಸುತ್ತಿದ್ದ ರೈತ ಈಗ ನಗದು ಕಟ್ಟಬೇಕಾಯಿತು. ನಗದು ಬೇಕೆಂದರೆ ಸುಗ್ಗಿಯಲ್ಲೇ, ದರ ಬಿದ್ದಾಗಲೇ ಭತ್ತ ಮಾರಬೇಕು. 1837ರಲ್ಲಿ ಸುಳ್ಯದಿಂದ ಹೊರಟ ರೈತ ದಂಡು ಮಂಗಳೂರು ಮುಟ್ಟಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ್ದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು. ಆ ಹೋರಾಟದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಜಮ್ಮಾ ಎಂದರೇನು? ಸಾಗು ಜಮೀನಿಗೂ ಅದಕ್ಕೂ ಏನು ವ್ಯತ್ಯಾಸ?

ಜಮ್ಮಾ ಎಂದರೆ ಜನ್ಮದಿಂದ, ಅಂದರೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ಅರಸ ಕರೆದಾಗ ಆಯುಧ ಹಿಡಿದು ಬರುವುದು, ಕಡಂಗ (ರಕ್ಷಣೆಯ ಕಂದಕ) ಕಾಯುವುದು, ಸರ್ಕಾರಿ ಸಾಮಾನು ಸಾಗಿಸುವುದು ಹಿಡುವಳಿದಾರನ ಹೊಣೆ. ಅದಕ್ಕೆ ಪ್ರತಿಯಾಗಿ ಅರ್ಧ ಕಂದಾಯ. ಬ್ರಿಟಿಷ್ ಕಾಲದ ಲೆಕ್ಕದಲ್ಲಿ 100 ಬಟ್ಟಿ ಗದ್ದೆಗೆ ಸಾಗು ರೈತ, ಎಂದರೆ ಪೂರ್ತಿ ಕಂದಾಯದ ಸಾಮಾನ್ಯ ಹಿಡುವಳಿದಾರ, 10 ರೂಪಾಯಿ ಕಟ್ಟಿದರೆ ಜಮ್ಮಾ ರೈತ 5 ರೂಪಾಯಿ ಕಟ್ಟುತ್ತಿದ್ದ. ಗದ್ದೆಯನ್ನು ಎಕರೆಯಲ್ಲಲ್ಲ, ಬಟ್ಟಿಯಲ್ಲಿ, ಎಂದರೆ ಅದು ಕೊಡುವ ಭತ್ತದ ಅಳತೆಯಲ್ಲಿ ಲೆಕ್ಕ ಹಾಕುತ್ತಿದ್ದರು. ಲಿಂಗರಾಜೇಂದ್ರ 1812ರಿಂದ ಮಾಡಿಸಿದ 'ಶಿಸ್ತು' ಎಂಬ ಅಳತೆ-ಕಂದಾಯದ ದಾಖಲೆ ಇದಕ್ಕೆಲ್ಲ ಬುನಾದಿ.

ಜಮ್ಮಾ ಹಿಡುವಳಿ ಕೊಡವರಿಗೆ ಮಾತ್ರ ಎಂಬುದು ತಪ್ಪು ಕಲ್ಪನೆ. ಅರೆಭಾಷೆ ಗೌಡರು, ಹೆಗ್ಗಡೆಯವರು, ಐರಿಗಳು ಮೊದಲಾದವರಲ್ಲೂ ಜಮ್ಮಾ ಉಂಟು.

ಹಿಡುವಳಿ ಒಬ್ಬನದಲ್ಲ, ಇಡೀ ಒಕ್ಕದ್ದು, ಎಂದರೆ ಒಂದೇ ಮೂಲದ ಕೂಡುಕುಟುಂಬದ್ದು. ದಾಖಲೆಯಲ್ಲಿ ಇರುತ್ತಿದ್ದದ್ದು ಒಕ್ಕದ ಹಿರಿಯನಾದ ಪಟ್ಟೆದಾರನ ಹೆಸರು ಮಾತ್ರ. ಮಾರುವುದಕ್ಕೆ, ಅಡವಿಡುವುದಕ್ಕೆ ಸರ್ಕಾರದ ಒಪ್ಪಿಗೆ ಬೇಕಿತ್ತು. ಜಮೀನು ಹೊರಗಿನವರ ಪಾಲಾಗದೆ ಉಳಿದದ್ದು ಇದರಿಂದ. ಬ್ಯಾಂಕಿನವರು ಸಾಲ ಕೊಡಲು ನೂರೆಂಟು ನೆಪ ಹೇಳುವಂತಾದದ್ದೂ ಇದರಿಂದಲೇ.

ಬಾಣೆ ಎಂದರೇನು? ಕಂದಾಯವೇ ಇಲ್ಲದ ಜಾಗದಲ್ಲಿ ಕಾಫಿ ಹೇಗೆ ಬಂತು?

ಕೊಡಗಿನ ಜಮೀನನ್ನು ಕಣ್ಣಮುಂದೆ ತಂದುಕೊಳ್ಳಿ. ಎರಡು ಗುಡ್ಡಗಳ ನಡುವೆ ಹಾವಿನಂತೆ ಹರಿದ ಗದ್ದೆಬೈಲು, ಬೈಲಿನ ಅಂಚಿನಲ್ಲಿ ಒಕ್ಕದ ಮೂಲಮನೆಯಾದ ಐನ್‌ಮನೆ, ಮನೆಯ ಹಿಂದೆ ಏರಿ ಹೋಗುವ ಕಾಡುಗುಡ್ಡ. ಆ ಗುಡ್ಡವೇ ಬಾಣೆ. ಗದ್ದೆಗೆ ಸೊಪ್ಪುಗೊಬ್ಬರ, ದನಕ್ಕೆ ಮೇವು, ಒಲೆಗೆ ಸೌದೆ, ಮನೆಗೆ ಮರ ಇವೆಲ್ಲ ಅಲ್ಲಿಂದ. ಗದ್ದೆ ಬದುಕಬೇಕಾದರೆ ಬಾಣೆ ಬೇಕು. ಹಾಗಾಗಿ ಗದ್ದೆಗೆ ಕಂದಾಯ ಹಾಕಿ, ಬಾಣೆಯನ್ನು ಅದಕ್ಕೆ ಅಂಟಿದ ಸೌಲಭ್ಯವೆಂದು ಬಿಟ್ಟರು.

ಕಾಫಿ ಬಂದ ಮೇಲೆ ಇದು ತಲೆಕೆಳಗಾಯಿತು. ಕಾಫಿಗೆ ಬೇಕಾದದ್ದು ಇಳಿಜಾರು, ನೀರು ನಿಲ್ಲದ ಮಣ್ಣು, ಮರದ ನೆರಳು. ಮೂರೂ ಬಾಣೆಯಲ್ಲೇ ಇದ್ದವು. ಗದ್ದೆಯ ಸೇವೆಗೆಂದು ಬಿಟ್ಟ ಜಾಗ ಮನೆಯ ಮುಖ್ಯ ಆದಾಯದ ಜಾಗವಾಯಿತು. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಇದನ್ನೆಲ್ಲ ಒಂದು ಚೌಕಟ್ಟಿಗೆ ತರಲು ನೋಡಿತಾದರೂ ಬಾಣೆಯ ಮೂಲ ಲಕ್ಷಣವನ್ನು ಬದಲಿಸಲಿಲ್ಲ. ಬಾಣೆಯ ಒಡೆಯ ಯಾರು, ಒಕ್ಕವೋ ಸರ್ಕಾರವೋ ಎಂಬ ಜಗಳ ನೂರು ವರ್ಷ ಎಳೆಯಿತು. 1993ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಜಮ್ಮಾ ಬಾಣೆ ಹಿಡುವಳಿದಾರರ ಪರವಾಗಿ ತೀರ್ಪು ಕೊಟ್ಟಿತು. ಭೂಕಂದಾಯ ಕಾಯ್ದೆಗೆ 2011ರ ತಿದ್ದುಪಡಿ ಬಂದದ್ದು ಆಮೇಲೆ.

'ರಿಡೀಮ್ಡ್', 'ಅನ್‌ರಿಡೀಮ್ಡ್' ಎಂದು ಮರದ ವ್ಯಾಪಾರಿಗಳು ಹೇಳುತ್ತಾರಲ್ಲ, ಅದೇನು?

ಕಂದಾಯ ಹಾಕದ ಬಾಣೆಯಲ್ಲಿ ನಿಂತ ಮರವನ್ನು ಮನೆ, ಕೊಟ್ಟಿಗೆ, ನೇಗಿಲಿಗೆ ಬಳಸಬಹುದಿತ್ತು, ಮಾರುವಂತಿರಲಿಲ್ಲ. ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಹಕ್ಕು ಬಿಡಿಸಿಕೊಂಡ ಜಾಗ ರಿಡೀಮ್ಡ್, ಕಟ್ಟದ್ದು ಅನ್‌ರಿಡೀಮ್ಡ್. ತೋಟ ಕೊಳ್ಳುವವರು ಇಲ್ಲೇ ಎಡವುವುದು. ಬೀಟೆ, ನಂದಿ, ಹಲಸಿನ ದೊಡ್ಡ ಮರಗಳನ್ನು ನೋಡಿ ಬೆಲೆ ಒಪ್ಪುತ್ತಾರೆ. ಪರ್ಮಿಟ್‌ಗೆ ಅರ್ಜಿ ಹಾಕಿದ ದಿನ ಮರ ತಮ್ಮದಲ್ಲ ಎಂದು ತಿಳಿಯುತ್ತದೆ.

ಕೊಡಗಿನಲ್ಲಿ ಜಮೀನು ಕೊಳ್ಳುವ ಮುಂಚೆ ಏನೇನು ನೋಡಬೇಕು?

ಪಹಣಿಯ 9ನೇ ಕಾಲಂನಲ್ಲಿ ಎಷ್ಟು ಹೆಸರಿದೆ ಎಂದು ಮೊದಲು ಎಣಿಸಿ. ಜಮ್ಮಾ ಆಸ್ತಿಯಲ್ಲಿ ಮೂವತ್ತು ನಲವತ್ತು ಹೆಸರಿರುವುದು ವಿಶೇಷವಲ್ಲ, ತೀರಿಹೋದವರ ಹೆಸರೂ ಅದರಲ್ಲಿ ಇರುತ್ತದೆ. ವಂಶವೃಕ್ಷ ತರಿಸಿ ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡಿ. ಮಾರುವವನ ಪಾಲು ಬಾಯಿಮಾತಿನ ಪಾಲೋ, ನೋಂದಾಯಿತ ವಿಭಾಗಪತ್ರದ ಪಾಲೋ ಕೇಳಿ. ಪೋಡಿ (ಸರ್ವೆ ನಂಬರಿನ ವಿಂಗಡಣೆ), ದುರಸ್ತಿ ಆಗಿ ಪ್ರತ್ಯೇಕ ನಕ್ಷೆ ಇದೆಯೇ ನೋಡಿ. 11ನೇ ಕಾಲಂನಲ್ಲಿ ಸಾಲ, ತಡೆಯಾಜ್ಞೆಗಳಿರುತ್ತವೆ. ಬಾಣೆಯಾದರೆ ಅದು ಯಾವ ಗದ್ದೆಗೆ ಸೇರಿದ್ದು, ಕಂದಾಯಕ್ಕೆ ಒಳಪಟ್ಟಿದೆಯೇ, ಮರ ರಿಡೀಮ್ ಆಗಿದೆಯೇ ಎಂಬ ಮೂರು ಪ್ರಶ್ನೆಗೂ ಕಾಗದದಲ್ಲೇ ಉತ್ತರ ಬೇಕು. ದೇವರಕಾಡು, ಪೈಸಾರಿ ಎಂಬ ಸರ್ಕಾರಿ ಜಮೀನಿಗೆ ಹೊಂದಿಕೊಂಡ ಜಾಗವಾದರೆ ಸರ್ವೆ ಮಾಡಿಸದೆ ಮುಂಗಡ ಕೊಡಬೇಡಿ. ಜೊತೆಗೆ ಕೊಡಗಿನ ಹಳೆಯ ಹಿಡುವಳಿ ತಿಳಿದ ಸ್ಥಳೀಯ ವಕೀಲರಿಗೆ ಕಾಗದ ತೋರಿಸುವುದು ಒಳ್ಳೆಯದು. ಬೆಂಗಳೂರಿನ ಸೈಟು ವ್ಯವಹಾರದ ಅನುಭವ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕಾಫಿ ಯಾವಾಗ ಬಂತು? ಮೊದಲಿನಿಂದಲೂ ನೆರಳಿನಲ್ಲೇ ಬೆಳೆಯುತ್ತಿದ್ದರೇ?

ನಾಲ್ಕುನಾಡಿನ ಕಡೆ ಅರಸರ ಕಾಲದಲ್ಲೇ ಮಲಬಾರಿನ ಮುಸ್ಲಿಮರಾದ ಮಾಪಿಳ್ಳೆಗಳು ಒಂದಷ್ಟು ಗಿಡ ಹಾಕಿದ್ದರು ಎಂಬ ಮಾತುಂಟು. ಯುರೋಪಿಯನ್ನರ ಮೊದಲ ತೋಟ ಮಡಿಕೇರಿ ಬಳಿ 1854ರಲ್ಲಿ ಎದ್ದಿತು. ಮುಂದಿನ ಹತ್ತು ವರ್ಷ ಕಾಫಿಯ ಹುಚ್ಚು.

ನೆರಳಿನ ಪಾಠ ಕಲಿತದ್ದು ಪೆಟ್ಟು ತಿಂದು. ಮೊದಲು ಬಂದವರು ಕಾಡನ್ನು ಸಂಪೂರ್ಣ ಕಡಿದು, ಸುಟ್ಟು, ಬಯಲಿಗೆ ಬಿದ್ದ ಇಳಿಜಾರಿನಲ್ಲಿ ಗಿಡ ನೆಟ್ಟರು. ಒಂದೆರಡು ಬೆಳೆ ಬಂಗಾರದಂತೆ ಬಂತು. 1860ರ ದಶಕದ ನಡುವಿನಲ್ಲಿ ಬಿಸಿಲು, ಬರಗಳ ಜೊತೆ ಬಿಳಿ ಕಾಂಡಕೊರಕ ಎದ್ದಾಗ ತೋಟಕ್ಕೆ ತೋಟವೇ ಒಣಗಿತು. ಈ ದುಂಬಿಗೆ ಬಿಸಿಲು ಬಿದ್ದ ಕಾಂಡ ಬಹಳ ಇಷ್ಟ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳ ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಅದರ ಹಿಂದೆಯೇ ಸಿಲೋನಿನ ತೋಟಗಳನ್ನು ನುಂಗಿದ ಎಲೆತುಕ್ಕು ಇಲ್ಲಿಗೂ ಬಂತು. ಆಗ ತೋಟಗಳು ಸಿದ್ದಾಪುರ, ಪಾಲಿಬೆಟ್ಟದ ಬಿದಿರು ಸೀಮೆಗೆ ಸರಿದವು. ಮರ ಉಳಿಸಿಕೊಂಡು, ಇಲ್ಲವೇ ಹೊಸದಾಗಿ ನೆರಳು ಬೆಳೆಸಿಕೊಂಡು ಗಿಡ ಹಾಕುವ ಕ್ರಮ ಗಟ್ಟಿಯಾಯಿತು. ರೊಬಸ್ಟಾ ಎಂಬ ಕಾಫಿ ಜಾತಿ ಬಂದದ್ದು 20ನೇ ಶತಮಾನದ ಆರಂಭದಲ್ಲಿ. ಈಗ ಕೊಡಗಿನ ಕಾಫಿಯಲ್ಲಿ ಹೆಚ್ಚು ಪಾಲು ಅದರದ್ದೇ.

ಇವತ್ತಿಗೂ ಕಾಂಡಕೊರಕ ಬಂದರೆ ಏನು ಮಾಡುವುದು?

ಇನ್ನೊಂದು ಕಾಫಿ ಜಾತಿಯಾದ ಅರೇಬಿಕಾ ಬೆಳೆಯುವವರಿಗೆ ಮಾತ್ರ ಈ ಚಿಂತೆ. ಕಾಂಡದ ಮೇಲೆ ನರದಂತೆ ಉಬ್ಬಿದ ಗೆರೆ, ಹಳದಿಗೆ ತಿರುಗಿದ ಎಲೆ, ನೀರಿದ್ದೂ ಬಾಡುವ ಗಿಡ ಇದರ ಗುರುತು. ದುಂಬಿ ಹೊರಬೀಳುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರಿನಲ್ಲಿ. ಆದ್ದರಿಂದ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲೇ ಗಿಡಗಿಡ ನೋಡಿ, ಹುಳ ಬಿದ್ದದ್ದನ್ನು ಬುಡಸಮೇತ ಕಿತ್ತು ಸುಡಬೇಕು. ಸೌದೆಗೆಂದು ಲೈನ್ ಮನೆ (ಕಾರ್ಮಿಕರ ಸಾಲುಮನೆ) ಹಿಂದೆ ರಾಶಿ ಹಾಕಿದರೆ ಅದೇ ರಾಶಿಯಿಂದ ದುಂಬಿ ಹಾರಿ ಮತ್ತೆ ತೋಟ ಸೇರುತ್ತದೆ. ಪ್ರತಿವರ್ಷ ಕಾಣುವ ತಪ್ಪು ಇದು. ಉಳಿದ ಗಿಡಗಳ ಸಡಿಲ ತೊಗಟೆಯನ್ನು ತೆಂಗಿನ ನಾರು ಅಥವಾ ಗೋಣಿತಟ್ಟಿನಿಂದ ಉಜ್ಜಿ ತೆಗೆದು, ಶೇಕಡಾ 10ರ ಸುಣ್ಣದ ನೀರನ್ನು ಮುಖ್ಯ ಕಾಂಡಕ್ಕೆ ಹೊಡೆಯಬೇಕು. ಉಜ್ಜುವುದು ಸಡಿಲ ತೊಗಟೆ ಹೋಗುವಷ್ಟು ಮಾತ್ರ, ಹಸಿರು ಕಾಣುವಷ್ಟಲ್ಲ. ಮರಗಸಿ, ಎಂದರೆ ನೆರಳು ಮರದ ಕೊಂಬೆ ಸವರುವ ಕೆಲಸ, ಮಾಡುವಾಗ ಪೂರ್ತಿ ಬಯಲು ಮಾಡಿದ ವರ್ಷ ಹುಳ ಹೆಚ್ಚು. 1860ರ ದಶಕದ ಕಥೆಯೇ ಮರುಕಳಿಸುತ್ತದೆ.

ಹೂಮಳೆ ಎಷ್ಟು ಬೀಳಬೇಕು? ಎಲ್ಲರೂ ಅದನ್ನೇ ಯಾಕೆ ಮಾತಾಡುತ್ತಾರೆ?

ಆ ಒಂದು ಮಳೆ ಮೇಲೆ ವರ್ಷದ ಬೆಳೆ ನಿಂತಿದೆ. ರೊಬಸ್ಟಾಕ್ಕೆ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನೊಳಗೆ ಕನಿಷ್ಠ ಒಂದು ಇಂಚು, ಅಂದರೆ 25 ಮಿ.ಮೀ. ಮಳೆ ಬೇಕು. ಒಂದೂವರೆ ಇಂಚಾದರೆ ನೆಮ್ಮದಿ. ಮಳೆ ಬಿದ್ದ ಎಂಟು ಹತ್ತನೇ ದಿನ ಮೊಗ್ಗು ಒಡೆದು, ತೋಟ ಬೆಳ್ಳಗಾಗಿ, ಮಲ್ಲಿಗೆ ವಾಸನೆ ರಸ್ತೆವರೆಗೆ ಬರುತ್ತದೆ. ಮೂರು ವಾರದೊಳಗೆ ಇನ್ನೊಂದು ಇಂಚು ಬ್ಯಾಕಿಂಗ್ ಮಳೆ ಬಂದರೆ ಕಾಯಿ ಕಚ್ಚುತ್ತದೆ.

ಕೆಡುವುದು ಹೇಗೆ? ಅರ್ಧ ಇಂಚು ಬಿದ್ದು ನಿಂತರೆ ಮೊಗ್ಗು ಅರೆಬರೆ ಬಿಚ್ಚಿ, ನಕ್ಷತ್ರದಂತೆ ಗಟ್ಟಿಯಾದ ಹಸಿರು ಹೂವಾಗಿ ಉದುರುತ್ತದೆ. ಮಳೆ ಬೀಳದೇ ಇದ್ದದ್ದಕ್ಕಿಂತ ಇದೇ ಕೆಟ್ಟದ್ದು, ಮೊಗ್ಗು ವ್ಯರ್ಥವಾಗಿಹೋಯಿತು. ಹೂ ಪೂರ್ತಿ ಅರಳಿದ ದಿನವೇ ಮಳೆ ಹೊಯ್ದರೆ ಪರಾಗ ತೊಳೆದುಹೋಗುತ್ತದೆ. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವ ಜಾತಿಯಲ್ಲ, ಗಾಳಿಯೂ ಜೇನೂ ಬೇಕು. ಹಾಗಾಗಿ ಹೂವಿನ ಸಮಯದಲ್ಲಿ ಔಷಧಿ ಹೊಡೆಯುವವರನ್ನು ಪಕ್ಕದ ತೋಟದವರು ಬೈಯುವುದು ನ್ಯಾಯವೇ.

ಸ್ಪ್ರಿಂಕ್ಲರ್ ಇದ್ದವರೂ ಇಂಚಿನ ಲೆಕ್ಕ ತಪ್ಪುತ್ತಾರೆ. ಕೆರೆಯಲ್ಲಿ ನೀರು ಕಡಿಮೆ ಎಂದು ಇಡೀ ತೋಟಕ್ಕೆ ಅರ್ಧರ್ಧ ಇಂಚು ಹೊಡೆಯುವುದಕ್ಕಿಂತ ಅರ್ಧ ತೋಟಕ್ಕೆ ಪೂರ್ತಿ ಕೊಡುವುದು ಮೇಲು. ಬಕೆಟ್ಟೊಂದನ್ನು ಜೆಟ್ ಕೆಳಗಿಟ್ಟು ಅಳತೆಪಟ್ಟಿಯಿಂದ ಅಳೆದು ನೋಡಿ. ಬಕೆಟ್ ನೇರ ಗೋಡೆಯದ್ದಾಗಿರಬೇಕು, ಬಾಯಿ ಅಗಲವಾದದ್ದರಲ್ಲಿ ಲೆಕ್ಕ ತಪ್ಪುತ್ತದೆ.

ಹಣ್ಣು ಕುಯ್ದು ಮಾರುವವರೆಗೆ ನಷ್ಟವಾಗುವುದೆಲ್ಲಿ?

ರೊಬಸ್ಟಾ ಹಣ್ಣು 5 ಕಿಲೋ ಒಣಗಿಸಿದರೆ ಹತ್ತಿರ ಹತ್ತಿರ 2 ಕಿಲೋ ಚೆರಿ, ಅದನ್ನು ಹಲ್ಲಿಂಗ್ ಮಾಡಿ ಒಣಸಿಪ್ಪೆ ತೆಗೆದರೆ 1 ಕಿಲೋ ಬೇಳೆ. ವ್ಯಾಪಾರಿ ನೋಡುವುದು ಔಟ್‌ಟರ್ನ್. 50 ಕಿಲೋ ಚೆರಿ ಮೂಟೆಯಲ್ಲಿ ಎಷ್ಟು ಕಿಲೋ ಬೇಳೆ ಬರುತ್ತದೆ ಎಂಬುದು ಅದರ ಲೆಕ್ಕ. ಒಳ್ಳೆಯ ಚೆರಿಯಲ್ಲಿ 26ರಿಂದ 28 ಬರುತ್ತದೆ. ಉದಾಹರಣೆಗೆ ಬೇಳೆ ಕಿಲೋಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. 28 ಬರುವ ಮೂಟೆಯನ್ನು 26ರ ಲೆಕ್ಕದಲ್ಲಿ ಕೊಟ್ಟರೆ ಮೂಟೆಗೆ 800 ರೂಪಾಯಿ ಹೋಯಿತು. ಮಾರುವ ಮುಂಚೆ ಮೂರು ನಾಲ್ಕು ಮೂಟೆಯಿಂದ ಕೈಹಾಕಿ ಸ್ಯಾಂಪಲ್ ತೆಗೆದು, ಸುಲಿದು, ತೂಗಿ ನೋಡದವರು ಈ ದುಡ್ಡನ್ನು ಪ್ರತಿವರ್ಷ ಬಿಟ್ಟುಕೊಡುತ್ತಾರೆ.

ಒಣಗಿಸುವುದು ಎರಡನೇ ಜಾಗ. ಕಣದಲ್ಲಿ ಚೆರಿಯನ್ನು ನಾಲ್ಕು ಬೆರಳು ದಪ್ಪಕ್ಕಿಂತ ಹೆಚ್ಚು ಹರವಬಾರದು. ದಿನಕ್ಕೆ ನಾಲ್ಕೈದು ಬಾರಿ ಎಳೆದು ತಿರುವಬೇಕು, ಸಂಜೆ ರಾಶಿ ಮಾಡಿ ಮುಚ್ಚಬೇಕು. ಹಿಡಿ ಕಾಯಿ ಮುಷ್ಟಿಯಲ್ಲಿ ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ತೇವಾಂಶ ಶೇಕಡಾ 11ಕ್ಕೆ ಇಳಿದಿರಬೇಕು. ಅದಕ್ಕಿಂತ ಹಸಿಯಾಗಿ ಮೂಟೆ ಕಟ್ಟಿದರೆ ಬೂಷ್ಟು, ಅತಿಯಾಗಿ ಒಣಗಿಸಿದರೆ ತೂಕವೂ ಹೋಯಿತು, ಹಲ್ಲಿಂಗಿನಲ್ಲಿ ಬೇಳೆಯೂ ಒಡೆಯಿತು. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಕಾಫಿ) ಮಾಡುವವರು ಕುಯ್ದ ದಿನವೇ ಪಲ್ಪಿಂಗ್, ಎಂದರೆ ಸಿಪ್ಪೆ ಬಿಡಿಸುವ ಕೆಲಸ, ಮುಗಿಸಬೇಕು. ರಾತ್ರಿಯಿಡೀ ಮೂಟೆಯಲ್ಲೇ ಇದ್ದ ಹಣ್ಣು ಬಿಸಿಯಾಗಿ ಹುಳಿಯುತ್ತದೆ, ಆ ವಾಸನೆ ಕಪ್ಪಿನವರೆಗೂ ಹೋಗುತ್ತದೆ.

ಹಳಬರು 'ಪೂಲಿಂಗ್ ಕಾಲ' ಎನ್ನುವುದು ಯಾವುದನ್ನು?

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿತು. 1942ರ ಕಾನೂನಿನಂತೆ ಬೀಜಕ್ಕೆ, ಮನೆಬಳಕೆಗೆ ಬಿಟ್ಟು ಉಳಿದ ಕಾಫಿಯನ್ನೆಲ್ಲ ಬೆಳೆಗಾರ ಕಾಫಿ ಮಂಡಳಿಯ ಪೂಲಿಗೆ, ಎಂದರೆ ಎಲ್ಲರ ಕಾಫಿಯ ಒಟ್ಟು ಸಂಗ್ರಹಕ್ಕೆ, ಕೊಡಬೇಕಾಯಿತು. ಮಂಡಳಿ ಮಾರಿ, ದರ್ಜೆಗೆ ತಕ್ಕ ಪಾಯಿಂಟ್ ಲೆಕ್ಕದಲ್ಲಿ ಕಂತುಕಂತಾಗಿ ಹಣ ಕೊಡುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆ ಕಣದಲ್ಲಿರುತ್ತಿತ್ತು. ಬೆಲೆ ಕುಸಿದ ವರ್ಷ ಅದು ಆಸರೆ, ಏರಿದ ವರ್ಷ ಕೈಕೋಳ. ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ 1991ರಲ್ಲಿ ಒಡೆಯಿತು. 1992ರಿಂದ ಒಂದು ಪಾಲನ್ನು ಬೆಳೆಗಾರನೇ ಮಾರಲು ಬಿಟ್ಟು, 1996ರಲ್ಲಿ ಪೂಲನ್ನು ಸಂಪೂರ್ಣ ಕೈಬಿಟ್ಟರು. 1994ರಲ್ಲಿ ಬ್ರೆಜಿಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ (ಫ್ರಾಸ್ಟ್) ಕಾಫಿ ಕೆಟ್ಟು ಬೆಲೆ ಆಕಾಶಕ್ಕೇರಿತ್ತು. ಆಗ ಎದ್ದ ತಾರಸಿ ಮನೆಗಳು ಕೊಡಗಿನಲ್ಲಿ ಈಗಲೂ ಕಾಣುತ್ತವೆ. ಆ ಶತಮಾನ ಮುಗಿಯುತ್ತಿದ್ದಂತೆ ಬೆಲೆ ಬಿತ್ತು, ಸಾಲ ಉಳಿಯಿತು.

ಏಲಕ್ಕಿ, ಕಿತ್ತಳೆ, ಕರಿಮೆಣಸು?

ಏಲಕ್ಕಿ ಅರಸರ ಏಕಸ್ವಾಮ್ಯದ ಬೆಳೆ. ಹಳೆಯ ಪದ್ಧತಿ ಕುತೂಹಲದ್ದು: ಘಟ್ಟದ 'ಮಲೆ'ಯಲ್ಲಿ ಸಣ್ಣ ಜಾಗ ಸವರಿ, ಒಂದು ದೈತ್ಯ ಮರವನ್ನು ಕಡಿದು ಇಳಿಜಾರಿಗೆ ಬೀಳಿಸುತ್ತಿದ್ದರು. ಮಣ್ಣು ಕದಡಿ ಬೆಳಕು ಬಿದ್ದಲ್ಲಿ ಏಲಕ್ಕಿ ಸಸಿ ತಾನಾಗಿ ಏಳುತ್ತಿತ್ತು. ಕಟ್ಟೆರೋಗ ಬಂದ ಮೇಲೆ ಮಲೆಗಳು ಬರಿದಾದವು. ಅದನ್ನು ಹರಡುವುದು ಗಿಡಹೇನು, ರೋಗದ ಹಿಂಡನ್ನು ಕಿತ್ತೆಸೆಯುವುದೊಂದೇ ದಾರಿ.

ಕೊಡಗಿನ ಕಿತ್ತಳೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅಷ್ಟು ಹೊತ್ತಿಗೆ ತೋಟದಲ್ಲಿ ಕಿತ್ತಳೆಯೇ ವಿರಳವಾಗಿತ್ತು. ಗ್ರೀನಿಂಗ್ ರೋಗ ಒಂದು ಕಾರಣ, ಕಾಫಿಯ ನೆರಳು-ಗೊಬ್ಬರದ ನಡುವೆ ಅದನ್ನು ಉಪಬೆಳೆಯಾಗಿ ಕಂಡದ್ದು ಇನ್ನೊಂದು. ಜೇನಿಗೂ 1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಡಿದು ಪೆಟ್ಟಿಗೆಗಳು ಖಾಲಿಯಾದವು.

ಈ ನಡುವೆ ಮನೆ ಕಾದದ್ದು ಕರಿಮೆಣಸು. ನೆರಳಿನ ಮರಕ್ಕೇ ಬಳ್ಳಿ ಹಬ್ಬುವುದರಿಂದ ಬೇರೆ ಜಾಗ ಬೇಡ. ಬುಡದಲ್ಲಿ ನೀರು ನಿಂತರೆ ಮಾತ್ರ ಸೊರಗು ರೋಗ ವಾರದಲ್ಲಿ ಬಳ್ಳಿ ಮುಗಿಸುತ್ತದೆ. ಮುಂಗಾರಿಗೆ ಮುಂಚೆ ಚರಂಡಿ ಬಿಡಿಸಿ ಬೋರ್ಡೋ ದ್ರಾವಣ (ಮೈಲುತುತ್ತ-ಸುಣ್ಣದ ಮಿಶ್ರಣ) ಹೊಡೆಯಬೇಕು. ಆಮದು ಮೆಣಸಿನ ಹಾವಳಿಗೆ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿದರು.

ತೋಟದ ಕೆಲಸಕ್ಕೆ ಜನ ಎಲ್ಲಿಂದ ಬರುತ್ತಿದ್ದರು?

1871ರಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 1.68 ಲಕ್ಷ. 1941ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಎಪ್ಪತ್ತು ವರ್ಷ ಕಾಫಿ ಬೆಳೆದರೂ ಜನ ಬೆಳೆಯಲಿಲ್ಲ. ಮಲೇರಿಯಾ ಒಂದು ಕಾರಣ. ಕೆಲಸಕ್ಕೆ ಬಂದವರು ನೆಲೆ ನಿಲ್ಲದೆ ಕುಯಿಲು ಮುಗಿಸಿ ಊರಿಗೆ ಮರಳುತ್ತಿದ್ದದ್ದು ಇನ್ನೊಂದು. ಮೈಸೂರು ಸೀಮೆ, ಕೆನರಾ, ಮಲಬಾರಿನಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತರುತ್ತಿದ್ದರು. ಮುಂಗಡ ಪಡೆದು ಓಡಿದವನನ್ನು 1859ರ ಕರಾರು ಉಲ್ಲಂಘನೆ ಕಾಯ್ದೆಯಡಿ ಜೈಲಿಗೂ ಹಾಕಬಹುದಿತ್ತು. ಅದಕ್ಕೂ ಮುಂಚೆ ಗದ್ದೆ ದುಡಿದವರು ಜಮೀನಿನ ಜೊತೆಗೇ ಕೈಬದಲಾಗುತ್ತಿದ್ದ ಜೀತದಾಳುಗಳು. ಯರವರು, ಪಣಿಯರು, ಕುರುಬರ ದುಡಿಮೆ ಇಲ್ಲದೆ ಈ ನಾಡಿನ ಸಂಪತ್ತಿಲ್ಲ. ಜಮ್ಮಾ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿಲ್ಲ. ಲೈನ್ ಮನೆಯಲ್ಲಿ ಹುಟ್ಟಿ ಲೈನ್ ಮನೆಯಲ್ಲೇ ಮುದುಕರಾದ ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ಸ್ವಂತ ನಿವೇಶನದ ಕಾಗದವಿಲ್ಲ. ಈಗ ಕುಯಿಲಿಗೆ ಅಸ್ಸಾಮಿನಿಂದ ಜನ ಬರುತ್ತಾರೆ.

ರೈಲು ಯಾಕಿಲ್ಲ?

ಪ್ರಾಂತ್ಯದ ಕಾಲದಲ್ಲೂ ಬರಲಿಲ್ಲ, ಇವತ್ತಿನವರೆಗೂ ಜಿಲ್ಲೆಯಲ್ಲಿ ಒಂದು ಹಳಿ ಬಿದ್ದಿಲ್ಲ. ಸರಕೆಲ್ಲ ಸಂಪಾಜೆ, ಪೆರುಂಬಾಡಿ ಘಟ್ಟಗಳಲ್ಲಿ ಮಂಗಳೂರು, ಮಲಬಾರಿನ ಕಡೆಗೋ, ಕುಶಾಲನಗರದ ದಾರಿಯಲ್ಲಿ ಮೈಸೂರಿಗೋ ಇಳಿಯುತ್ತದೆ.

ಬಂದೂಕಿಗೆ ಲೈಸೆನ್ಸ್ ಬೇಡವಂತೆ?

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾಯ್ದೆಯಿಂದ ವಿನಾಯಿತಿ ಇದೆ. 1861ರ ಸುಮಾರಿಗೆ ಶುರುವಾದ ಈ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಎಲ್ಲ ಬಗೆಯ ಬಂದೂಕಿಗೂ ಅನ್ವಯಿಸುವುದಿಲ್ಲ, ವಿನಾಯಿತಿ ಪತ್ರ ಮಾಡಿಸಿಕೊಂಡಿರಬೇಕು.

ಗದ್ದೆಗಳು ಯಾಕೆ ಪಾಳು ಬಿದ್ದಿವೆ?

ಒಂದು ಕಾಲಕ್ಕೆ ಕೊಡಗಿನ ಅಕ್ಕಿ ಹೇರೆತ್ತುಗಳ ಮೇಲೆ ಮಲಬಾರಿಗೆ ಇಳಿಯುತ್ತಿತ್ತು. ಈಗ ಮನೆಮಂದಿಯೇ ಮೂಟೆ ಅಕ್ಕಿ ಕೊಳ್ಳುತ್ತಾರೆ. ವರ್ಷಕ್ಕೆ ಒಂದೇ ಬೆಳೆ: ಜೂನ್ ಕೊನೆಯಿಂದ ಆಗಸ್ಟಿನವರೆಗೆ ನಾಟಿ, ಸುಗ್ಗಿ ಹಬ್ಬವಾದ ಹುತ್ತರಿಗೆ ಕದಿರು, ಆಮೇಲೆ ಕುಯ್ಲು. ನಾಟಿಗೆ ಆಳು ಬೇಕಾದಾಗ ತೋಟದಲ್ಲೂ ಮಳೆಗಾಲದ ಕೆಲಸ, ಕುಯ್ಲಿಗೆ ಬೇಕಾದಾಗ ಕಾಫಿಯೂ ಹಣ್ಣಾಗಿರುತ್ತದೆ. ಎರಡಕ್ಕೂ ಒಂದೇ ಕೂಲಿ, ಆದರೆ ಭತ್ತ ಆ ಕೂಲಿಯನ್ನು ಹೊರಲಾರದು. ಕಿರಿದಾದ ಬೈಲಿಗೆ ಕುಯ್ಯುವ ಯಂತ್ರ ಇಳಿಯುವುದಿಲ್ಲ. ಕದಿರು ತೂಗುವ ಹೊತ್ತಿಗೆ ಆನೆ ಬರುತ್ತದೆ. ಒಂದು ರಾತ್ರಿ ಸಾಕು, ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚು.

ಗದ್ದೆಯನ್ನು ಶುಂಠಿಗೆ ಗುತ್ತಿಗೆ ಕೊಟ್ಟರೆ ಒಂದು ವರ್ಷ ಕೈತುಂಬ ಹಣ. ಕೊಳೆರೋಗ ಮಣ್ಣಿನಲ್ಲೇ ಉಳಿಯುವುದರಿಂದ ಅದೇ ಜಾಗದಲ್ಲಿ ಮತ್ತೆ ಕೆಲವು ವರ್ಷ ಶುಂಠಿ ಹಾಕುವಂತಿಲ್ಲ. ಏರುಮಡಿ ಮಾಡಲು ಬದು ಒಡೆದದ್ದರಿಂದ ಭತ್ತಕ್ಕೂ ನೀರು ನಿಲ್ಲುವುದಿಲ್ಲ. ಮತ್ತೆ ಭತ್ತ ಹಾಕುವ ಮನಸ್ಸಿದ್ದರೆ ಗುತ್ತಿಗೆ ಕರಾರಿನಲ್ಲೇ 'ಬದು ಕಟ್ಟಿ, ನೆಲ ಸಮ ಮಾಡಿ ಒಪ್ಪಿಸಬೇಕು' ಎಂದು ಬರೆಸಿ, ಅದಕ್ಕೆಂದು ಒಂದಿಷ್ಟು ಹಣ ಹಿಡಿದುಕೊಳ್ಳಿ.

ಗದ್ದೆ ಪಾಳು ಬಿದ್ದರೆ ನಷ್ಟ ಅಕ್ಕಿಯದ್ದಷ್ಟೇ ಅಲ್ಲ. ಬದು ಕಟ್ಟಿದ ಬೈಲು ಮುಂಗಾರಿನ ಮೂರು ನಾಲ್ಕು ತಿಂಗಳು ನೀರು ಹಿಡಿದು ಮಣ್ಣಿಗೆ ಇಳಿಸುತ್ತದೆ. ಮೇಲಿನ ತೋಟದವನು ಫೆಬ್ರವರಿಯಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವುದು ಅದೇ ಬೈಲಿನ ಕೆರೆಯಿಂದ.